ನಿಮ್ಮ ಮಗನ ಬೈಕಿನ ಕನ್ನಡಿ ನನ್ನ ಅಂಗಡಿಯಲ್ಲಿದೆ

ಕೋಲಾರದ ಅಪ್ಪ ಅಮ್ಮಂದಿರಿಗೆ ಒಬ್ಬ ಬೈಕ್ ಮೆಕ್ಯಾನಿಕ್‌ನ ಬಹಿರಂಗ ಪತ್ರ

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ.

ಪಿಯುಸಿ ರಿಸಲ್ಟ್ ಬಂದ ಮೇಲೆ ನನ್ನ ಅಂಗಡಿಗೆ ಹೊಸ ಗಾಡಿಗಳು ಬರಲು ಶುರುವಾಗುತ್ತವೆ. ಸರ್ವೀಸಿಗೆ ಅಲ್ಲ, ಅದು ಶೋರೂಮಿನಲ್ಲೇ ಆಗುತ್ತದೆ. ಶೋರೂಮಿನವರು ಮಾಡಿಕೊಡದ ಕೆಲಸ ಇರುತ್ತದಲ್ಲ, ಅದಕ್ಕೆ. ಕನ್ನಡಿ ಬಿಚ್ಚಬೇಕು. ಸೈಲೆನ್ಸರ್ ಬದಲಾಯಿಸಬೇಕು. ಸೀರೆ ಗಾರ್ಡ್ ತೆಗೆಯಬೇಕು. ನಂಬರ್ ಪ್ಲೇಟನ್ನು ಮೇಲಕ್ಕೆ ಬಗ್ಗಿಸಬೇಕು. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇರುತ್ತದೆ. ಪೂಜೆಯ ದಿನ ಹ್ಯಾಂಡಲಿಗೆ ಕಟ್ಟಿದ ಹಾರ ಒಣಗಿ ನೇತಾಡುತ್ತಿರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ನಾನು ಸ್ಪ್ಯಾನರ್ ಹಾಕುತ್ತಿದ್ದೆ.

ಇಪ್ಪತ್ತೆರಡು ವರ್ಷದಿಂದ ಇಲ್ಲೇ ಕೋಲಾರದಲ್ಲಿ ಟೂ ವೀಲರ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಯ ಮೂಲೆಯಲ್ಲಿ ಒಂದು ಟೊಮೆಟೊ ಕ್ರೇಟ್ ಇದೆ. ಅದರ ತುಂಬ ಕನ್ನಡಿಗಳು. "ಇಟ್ಕೊಂಡಿರಣ್ಣ, ಆಮೇಲೆ ತಗೊಂಡು ಹೋಗ್ತೀನಿ" ಅಂತ ಹುಡುಗರು ಬಿಟ್ಟುಹೋದದ್ದು. ಈ ಪತ್ರ ಬರೆಯುವ ಮುಂಚೆ ಎಣಿಸಿದೆ. ಮೂವತ್ತೊಂದು ಇದ್ದವು. ಯಾರೋ ಒಬ್ಬ ಎಡಗಡೆಯದನ್ನು ಮಾತ್ರ ಬಿಚ್ಚಿಸಿರಬೇಕು.

ಆರು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಗಾಡಿ ತಗೊಂಡು ಎಂಟು ದಿನ ಆಗಿತ್ತು. "ಅಣ್ಣ, ಮಿರರ್ ಇದ್ರೆ ಅಂಕಲ್ ಗಾಡಿ ತರ ಕಾಣುತ್ತೆ, ತೆಗೆದ್ಬಿಡಿ" ಅಂದ. ಎರಡು ನಿಮಿಷದ ಕೆಲಸ, ಹದಿನಾಲ್ಕನೇ ನಂಬರ್ ಸ್ಪ್ಯಾನರ್ ಸಾಕು. ಮೂವತ್ತು ರೂಪಾಯಿ ತಗೊಂಡೆ. ಲೈಸೆನ್ಸ್ ಇದೆಯಾ ಅಂತ ಕೇಳಲಿಲ್ಲ. ಅದನ್ನು ಕೇಳುವುದು ಪೊಲೀಸರ ಕೆಲಸ, ನನ್ನದಲ್ಲ ಅಂದುಕೊಂಡಿದ್ದೆ.

ಒಂದು ತಿಂಗಳು ಕಳೆದಿರಬಹುದು. ಹೈವೇಯಲ್ಲಿ ಒಂದು ಹಳ್ಳಿ ಗೇಟ್ ಹತ್ತಿರ ಅವನು ಬಲಕ್ಕೆ ತಿರುಗಿದ. ಹಿಂದಿನಿಂದ ಲಾರಿ ಬರುತ್ತಿತ್ತು. ಇಂಡಿಕೇಟರ್ ಹಾಕಿದ್ದನಂತೆ. ಹಾಕಿದರೆ ಆಯಿತು, ಹಿಂದಿನವರು ನಿಲ್ಲುತ್ತಾರೆ ಅಂದುಕೊಂಡಿದ್ದ ಪಾಪ. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ. ಅವನನ್ನು ನಿಮ್ಹಾನ್ಸಿಗೆ ಕರೆದುಕೊಂಡು ಹೋದರು. ಹುಡುಗ ಬದುಕಿದ. ಈಗ ನಡೆಯುತ್ತಾನೆ, ಮಾತಾಡುತ್ತಾನೆ. ಆದರೆ ಮಾತಿನ ಮಧ್ಯೆ ನಿಂತುಬಿಡುತ್ತಾನೆ. ಏನು ಹೇಳುತ್ತಿದ್ದೆ ಅಂತ ಅಮ್ಮನ ಮುಖ ನೋಡುತ್ತಾನೆ. ಕಾಲೇಜು ಅಲ್ಲಿಗೇ ನಿಂತಿತು. ಲಾರಿ ಡ್ರೈವರನ್ನು ಜನ ಕೆಳಗಿಳಿಸಿ ಹೊಡೆದರು. ಅವನಿಗೂ ಇಪ್ಪತ್ತೆರಡೋ ಇಪ್ಪತ್ತಮೂರೋ, ಅಷ್ಟೇ. ಅವನ ತಪ್ಪು ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಗಾಡಿಯನ್ನು ಸ್ಟೇಷನ್ನಿನಿಂದ ಬಿಡಿಸಿಕೊಂಡು ಅವರಪ್ಪ ನನ್ನ ಅಂಗಡಿಗೇ ತಂದರು, ಟಾಟಾ ಏಸ್‌ನಲ್ಲಿ ಹಾಕಿಕೊಂಡು. "ಗುಜರಿಗೆ ಹಾಕಿದ್ರೆ ಎಷ್ಟು ಬರುತ್ತೆ ನೋಡಪ್ಪ" ಅಂದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಹ್ಯಾಂಡಲ್ ಮುಟ್ಟಿದರು. "ಮಿರರ್ ಒಡೆದು ಹೋಗಿವೆ ಅಲ್ವಾ?" ಅಂದರು. ಕನ್ನಡಿ ಆರು ಅಡಿ ದೂರದ ಕ್ರೇಟಿನಲ್ಲಿದ್ದವು. ನಾನು "ಹೂಂ ಸಾರ್" ಅಂದೆ.

ಈ ಪತ್ರವನ್ನು ಅವತ್ತೇ ಬರೆಯಬೇಕಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮಗ ಒಳ್ಳೆ ಮಾರ್ಕ್ಸ್ ತೆಗೆದಿದ್ದಾನೆ, ಗಾಡಿ ಕೊಡಿಸುತ್ತೀರಿ. ಕೆಲವರು ಟೊಮೆಟೊ ಬೆಳೆಗೆ ರೇಟ್ ಸಿಕ್ಕಿದ ವರ್ಷ ಕೊಡಿಸುತ್ತಾರೆ, ಕೆಲವರು ಸಾಲ ಮಾಡಿ. ಕೊಡಿಸಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡ ಹಾಗೆ. ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗನ ಕಷ್ಟವೂ ಗೊತ್ತು. ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಎಷ್ಟೋ ಊರಿಗೆ ಕೊನೆ ಬಸ್ಸು ಹೋಗಿರುತ್ತದೆ. ಆ ಬಸ್ಸನ್ನು ಒಂದು ಗಂಟೆ ತಡವಾಗಿ ಬಿಟ್ಟರೆ ಎಷ್ಟು ಬೈಕ್ ಕಡಿಮೆಯಾಗುತ್ತವೆ ಅಂತ ಜಿಲ್ಲೆಯ ಸಾಹೇಬರುಗಳು ಒಂದು ಸಲ ಲೆಕ್ಕ ಹಾಕಲಿ. ಸಾಹೇಬರುಗಳಿಗೆ ನನ್ನ ಅರ್ಜಿ ಇಷ್ಟೇ. ಉಳಿದದ್ದೆಲ್ಲ ನಿಮಗೆ.

ಮೊದಲು ವಯಸ್ಸು. ಪಿಯುಸಿ ಮುಗಿಸುವಾಗ ಎಷ್ಟೋ ಮಕ್ಕಳಿಗೆ ಹದಿನೇಳೂವರೆ. ಲೈಸೆನ್ಸಿಗೆ 18 ತುಂಬಬೇಕು. "ಗೇರ್ ಇಲ್ಲದ ಗಾಡಿಗೆ 16 ಸಾಕಂತೆ" ಅಂತ ನನಗೇ ಪಾಠ ಹೇಳುವವರಿದ್ದಾರೆ. ಕಾನೂನಿನಲ್ಲಿ ಇರುವುದು 50 ಸಿಸಿ ಮೀರದ ಗಾಡಿಗೆ. ಅದು ಟಿವಿಎಸ್ ಫಿಫ್ಟಿ ಕಾಲದ ಮಾತು. ಈಗ ಡೈರಿಗೆ ಹಾಲಿನ ಕ್ಯಾನ್ ಹೊರುವ ಎಕ್ಸ್‌ಎಲ್ ಕೂಡ ಸುಮಾರು 100 ಸಿಸಿ. ಆಕ್ಟಿವಾ ಅದಕ್ಕಿಂತ ಜಾಸ್ತಿ. ಕರೆಂಟ್ ಗಾಡಿಯಲ್ಲಿ 250 ವ್ಯಾಟ್ ಒಳಗಿನದು, ಗಂಟೆಗೆ 25 ಕಿ.ಮೀ. ಮೀರದ್ದು ಇದ್ದರೆ ಲೈಸೆನ್ಸ್ ಬೇಡ ಅನ್ನುವುದು ನಿಜ. ಆದರೆ ಅದರ ಸ್ಪೀಡ್ ಲಾಕ್ ತೆಗೆಸಲು ನನ್ನ ಹತ್ತಿರ ಬಂದವರೂ ಇದ್ದಾರೆ. ತೆಗೆದರೆ ಅದೂ ಲೈಸೆನ್ಸ್ ಗಾಡಿಯೇ.

18 ತುಂಬದ ಮಗ ಓಡಿಸಿ ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಯಿತಲ್ಲ, ಅದರಲ್ಲಿ 199ಎ ಅಂತ ಹೊಸ ಸೆಕ್ಷನ್ ಬಂತು. ಅಪ್ಪನಿಗೋ ಗಾಡಿ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತೇ ಇರ್ಲಿಲ್ಲ ಸಾರ್" ಅಂದರೆ ನಡೆಯುವುದಿಲ್ಲ, ಗೊತ್ತಿರಲಿಲ್ಲ ಅಂತ ನೀವೇ ತೋರಿಸಬೇಕು. ಇನ್ಶೂರೆನ್ಸ್ ಕಥೆಯೂ ಹಾಗೇ. ಲೈಸೆನ್ಸ್ ಇಲ್ಲದವನು ಇನ್ನೊಬ್ಬರಿಗೆ ಗುದ್ದಿದರೆ, ಕಂಪನಿಯವರು ಆ ಕಡೆಯವರಿಗೆ ಪರಿಹಾರ ಕೊಟ್ಟು ಅದನ್ನು ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಂದ ವಸೂಲಿ ಮಾಡಬಹುದು. ಆರ್‌ಸಿ ಬುಕ್ ತೆಗೆದು ಹೆಸರು ನೋಡಿಕೊಳ್ಳಿ.

ದಂಡ, ಜೈಲು ಅಂದರೆ ಹುಡುಗರು ನಗುತ್ತಾರೆ. ನಾನೂ ಆ ವಯಸ್ಸಿನಲ್ಲಿ ನಗುತ್ತಿದ್ದೆ. ಅದಕ್ಕೇ ನನ್ನ ಕಸುಬಿನ ಮಾತು ಹೇಳುತ್ತೇನೆ.

ಹುಡುಗ ಹೇಗೆ ಓಡಿಸುತ್ತಾನೆ ಅಂತ ಅವನನ್ನು ಕೇಳಬೇಡಿ, ಗಾಡಿಯನ್ನು ಕೇಳಿ. ಹಿಂದಿನ ಬ್ರೇಕ್ ಶೂ ಪೂರ್ತಿ ಸವೆದಿದ್ದು ಮುಂದಿನ ಪ್ಯಾಡ್ ಹೊಸದರ ಹಾಗೇ ಇದ್ದರೆ, ಅವನಿಗೆ ಬ್ರೇಕ್ ಹಿಡಿಯಲು ಬರುವುದಿಲ್ಲ ಅಂತ ಅರ್ಥ. ಹಿಂದಿನ ಟೈರಿನಲ್ಲಿ ಒಂದೇ ಕಡೆ ತೇಪೆಯ ಹಾಗೆ ಸವೆತ ಇದ್ದರೆ ಚಕ್ರ ಲಾಕ್ ಮಾಡಿ ಜಾರಿಸುತ್ತಾನೆ. ಆರು ತಿಂಗಳಿಗೇ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಹೋಗಿ, ಫೋರ್ಕಿನ ಆಯಿಲ್ ಸೀಲ್ ಸೋರಿ, ಕ್ಲಚ್ ಪ್ಲೇಟ್ ಸುಟ್ಟಿದ್ದರೆ ಅವನು ವೀಲಿಂಗ್ ಮಾಡುತ್ತಿದ್ದಾನೆ. ರೋಡಿನ ಗುಂಡಿ ಅಂತ ಅವನು ಹೇಳಬಹುದು. ಗುಂಡಿಗೆ ಕ್ಲಚ್ ಸುಡುವುದಿಲ್ಲ ಅಣ್ಣ.

ಮುಂದಿನ ಬ್ರೇಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. "ಮುಂದಿನದು ಹಿಡಿದರೆ ಪಲ್ಟಿ ಹೊಡೀತೀಯ" ಅಂತ ನಾವೇ ಮಕ್ಕಳಿಗೆ ಹೆದರಿಸಿ ಇಟ್ಟಿದ್ದೇವೆ. ಸೈಕಲ್ ಕಲಿಸುವಾಗ ಹೇಳಿದ ಮಾತು ಅದು, ಹಾಗೇ ಉಳಿದುಬಿಟ್ಟಿದೆ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಅದಕ್ಕೆ ರೋಡಿನ ಮೇಲೆ ಹಿಡಿತ ಇರುವುದಿಲ್ಲ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನದೇ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಒತ್ತುತ್ತಾ ಹೋಗಬೇಕು. ಗಪ್ಪಂತ ಹಿಡಿದರೆ ಜಾರುತ್ತದೆ. ಇದು ಬಾಯಲ್ಲಿ ಹೇಳಿದರೆ ಬರುವ ವಿದ್ಯೆ ಅಲ್ಲ, ಕೈಗೆ ಬರಬೇಕು.

ಸ್ಪೀಡಿನ ಲೆಕ್ಕವನ್ನು ಮಗಳು ಕೂತು ಮಾಡಿಕೊಟ್ಟಳು. ನನಗೆ ಆ ಗಣಿತ ಬರುವುದಿಲ್ಲ. 60ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಫೋನ್ ನೋಡಿದರೆ 50 ಮೀಟರ್. ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ನಾಲ್ಕು ಬಸ್ಸಿನ ಉದ್ದ. ಅಷ್ಟು ದೂರ ಹುಡುಗ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಇನ್ನೊಂದು, 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ಜಾಗ ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟು ಆಗುತ್ತದೆ. ಇಷ್ಟು ವರ್ಷ ಬ್ರೇಕ್ ರಿಪೇರಿ ಮಾಡಿದ ನನಗೇ ಇದು ಗೊತ್ತಿರಲಿಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ ಮೇಲೆ ನಂಬಿದೆ.

ಒಂದು ತಮಾಷೆ ನೋಡಿ. ನರಸಾಪುರದಲ್ಲಿ 2013ರಿಂದ ಸ್ಕೂಟರ್ ಫ್ಯಾಕ್ಟರಿ ಇದೆ. ಅದೇ ನರಸಾಪುರದಲ್ಲಿ ಐಫೋನ್ ಜೋಡಿಸುವ ಫ್ಯಾಕ್ಟರಿಯೂ ಇದೆ. ಹದಿನೆಂಟರ ಹುಡುಗನಿಗೆ ಬೇಕಾದ ಎರಡೂ ನಮ್ಮ ಜಿಲ್ಲೆಯಲ್ಲೇ ತಯಾರಾಗುತ್ತವೆ. ಎರಡನ್ನೂ ಒಂದೇ ಸಲ ಬಳಸಬಾರದು ಅಂತ ಹೇಳಿಕೊಡುವ ಕೆಲಸ ಮಾತ್ರ ಯಾವ ಫ್ಯಾಕ್ಟರಿಯದ್ದೂ ಅಲ್ಲ.

ನಮ್ಮ ರೋಡುಗಳೂ ಹಾಗೇ ಇವೆ. ಡ್ರೈವಿಂಗ್ ಟೆಸ್ಟಿನಲ್ಲಿ ಎಂಟು ಹಾಕಿ ತೋರಿಸುತ್ತಾರೆ, ಕಾಲು ಕೆಳಗಿಡದೆ. ಆದರೆ ಸುಗ್ಗಿಯಲ್ಲಿ ರೋಡಿನ ಮೇಲೆ ರಾಗಿ, ಹುರುಳಿ ಹರಡಿರುತ್ತಾರಲ್ಲ, ಅದರ ಮೇಲೆ ಬ್ರೇಕ್ ಹಿಡಿಯಬಾರದು ಅಂತ ಯಾವ ಟೆಸ್ಟಿನಲ್ಲಿ ಹೇಳುತ್ತಾರೆ? ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಸೀದಾ ಮಲಗುತ್ತದೆ. ಮೊದಲೇ ನಿಧಾನ ಮಾಡಿ, ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಬೇಕು. ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಕಡೆಯ ರೋಡಿನಲ್ಲಿ ಬಿದ್ದು ಒಡೆದ ಹಣ್ಣಿಗೂ ಇದೇ ಮಾತು. ಹೈವೇಯಲ್ಲಿ ಯು ಟರ್ನ್ ದೂರ ಅಂತ ಸರ್ವೀಸ್ ರೋಡಿನಲ್ಲಿ ರಾಂಗ್ ಸೈಡ್ ಬರುವುದನ್ನು ಮಕ್ಕಳು ಯಾರಿಂದ ಕಲಿತರು? ಗಾಡಿ ಬಿಡಲು ಬರುವ ನೀವು, ಟಯರ್ ತರಲು ಹೋಗುವ ನಾನು, ನಮ್ಮಿಂದಲೇ.

ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಕಡೆ ಹಾದು ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್ ವೇ ತೆರೆದ ಮೇಲೆ ಇನ್ನೊಂದು ಹುಚ್ಚು. ಅಲ್ಲಿ ಟೂ ವೀಲರ್ ಹೋಗುವ ಹಾಗೇ ಇಲ್ಲ. ಆದರೂ ರೀಲ್ಸ್ ಮಾಡಲು ಹೋಗುತ್ತಾರೆ. ಭಾನುವಾರ ಬೆಳಗ್ಗೆ ಮಗ ಅಂತರಗಂಗೆಗೆ ಅಂತ ಹೇಳಿ ಹೋದರೆ, ವಾಪಸ್ ಬಂದ ಮೇಲೆ ಕಿಲೋಮೀಟರ್ ಮೀಟರ್ ನೋಡಿ. ಪತ್ತೇದಾರಿ ಮಾಡಿ ಅಂತಲ್ಲ. ಅಂತರಗಂಗೆ ಊರಿನ ಪಕ್ಕದಲ್ಲೇ ಇದೆ, ಅಲ್ವಾ?

ಮಂಜಿನ ವಿಷಯ ಒಂದಿದೆ. ಪಕ್ಕದ ಚಿಕ್ಕಬಳ್ಳಾಪುರದಲ್ಲಿ 2023ರ ಅಕ್ಟೋಬರ್ 26ರ ಬೆಳಗ್ಗೆ ಹೈವೇಯಲ್ಲಿ ನಿಂತಿದ್ದ ಟ್ಯಾಂಕರಿಗೆ ಒಂದು ಟಾಟಾ ಸುಮೊ ಗುದ್ದಿ 13 ಜನ ಹೋದರು. ಆ ದಿನ ಮಂಜು ಇತ್ತು. ನಮ್ಮ ಕಡೆ ಮೂರು ಗಂಟೆಗೆ ಎದ್ದು ಹೂವು, ತರಕಾರಿ ತುಂಬಿಕೊಂಡು ಬೆಂಗಳೂರಿಗೆ ಪಿಕಪ್ ಓಡಿಸುವವರಲ್ಲಿ ಎಷ್ಟು ಜನ ಇಪ್ಪತ್ತರ ಆಸುಪಾಸಿನವರು! ರಾತ್ರಿ ಲೋಡ್ ಮಾಡಿರುತ್ತಾರೆ, ನಿದ್ದೆ ಇಲ್ಲ. ಲೈಟಿನ ಬೆಳಕು ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು, ಅಷ್ಟೇ ಸ್ಪೀಡ್. ಈ ಮಾತು ಮಾಲು ಕಳಿಸುವ ಯಜಮಾನರಿಗೆ. ಮಾರ್ಕೆಟ್ಟಿಗೆ ಬೇಗ ಬಾ ಅಂತ ಹತ್ತು ಸಲ ಫೋನ್ ಮಾಡುವವರು ಅವರೇ.

ಹೆಲ್ಮೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೇಳಿ ಕೇಳಿ ನಿಮಗೂ ಸಾಕಾಗಿದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸರ್ಕಾರದ ವರದಿಯಲ್ಲಿದೆ. ಅದರಲ್ಲಿ ಹೆಲ್ಮೆಟ್ ಹಾಕದವರು 50,029. ದಿನಕ್ಕೆ 137. ನಮ್ಮ ರಾಜ್ಯದಲ್ಲಿ ದಂಡ ಐನೂರು ರೂಪಾಯಿ, ಅದನ್ನು ಉಳಿಸಲು ಇನ್ನೂರು ರೂಪಾಯಿಯ ಟೋಪಿ ತಗೊಳ್ಳುತ್ತಾರೆ. ಐಎಸ್‌ಐ ಗುರುತು ಇರುವುದನ್ನು ತಗೊಳ್ಳಿ, ಪಟ್ಟಿ ಬಿಗಿಯಾಗಿ ಹಾಕಿಸಿ. ಒಂದಲ್ಲ, ಎರಡು ತಗೊಳ್ಳಿ. ಯಾಕೆ ಎರಡು ಅಂತ ಹೇಳುತ್ತೇನೆ.

ನಾನು ಈ ಪತ್ರ ಬರೆಯುತ್ತಿರುವುದೇ ಆ ಎರಡನೇ ಹೆಲ್ಮೆಟ್ಟಿಗಾಗಿ. ಅದು ನಿಮಗೆ.

ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿದ ಮೇಲೆ ಡ್ರೈವಿಂಗ್ ಟೆಸ್ಟಿಗೆ ಹೋಗಲು 30 ದಿನ ಕಾಯಬೇಕು. ಎಲ್ ಬೋರ್ಡ್ ಇರುವಾಗ ಹಿಂದೆ ಕೂರಬಹುದಾದವರು ಲೈಸೆನ್ಸ್ ಇದ್ದು ಕಲಿಸಿಕೊಡುವವರು ಮಾತ್ರ. ಗೆಳೆಯರು ಕೂರುವ ಹಾಗಿಲ್ಲ. ಅಂದರೆ ಸರ್ಕಾರ ನಿಮಗೆ ಮಗನ ಹಿಂದಿನ ಸೀಟನ್ನು ಒಂದು ತಿಂಗಳು ಬರೆದುಕೊಟ್ಟಿದೆ. ನಾವು ಆ ತಿಂಗಳನ್ನು ಸುಮ್ನೆ ಕಳೆಯುತ್ತೇವೆ. ಗಾಡಿಗೆ ಒಂದು ಲಕ್ಷ ಕೊಡುವ ಅಪ್ಪ ದಿನಕ್ಕೆ ಅರ್ಧ ಗಂಟೆ ಕೊಡುವುದಿಲ್ಲ. ನಾನೂ ನನ್ನ ಮಗಳಿಗೆ ಮೊದಲು ಕೊಟ್ಟಿರಲಿಲ್ಲ. ಮೆಕ್ಯಾನಿಕ್ ಮಗಳು, ತಾನೇ ಕಲಿಯುತ್ತಾಳೆ ಅಂದುಕೊಂಡಿದ್ದೆ.

ಆಮೇಲೆ ಕೂತೆ. ಮೊದಲ ವಾರ ಊರಾಚೆ ಒಂದು ಲೇಔಟಿಗೆ ಹೋದೆವು. ನಮ್ಮಲ್ಲಿ ಲೇಔಟಿಗೇನು ಬರ? ರೋಡಿದೆ, ಚರಂಡಿ ಇದೆ, ಲೈಟ್ ಕಂಬ ಇದೆ, ಮನೆ ಒಂದೂ ಇಲ್ಲ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸುಣ್ಣದಲ್ಲಿ ಗೆರೆ ಹಾಕಿ, 30ರಲ್ಲಿ ಬಂದು ಗೆರೆಯ ಹತ್ತಿರ ಬ್ರೇಕ್ ಹಿಡಿ ಅಂದೆ. ಮೊದಲ ದಿನ ಗೆರೆ ದಾಟಿ ಎಲ್ಲೋ ಹೋಗಿ ನಿಂತಳು. ಐದನೇ ದಿನಕ್ಕೆ ಅರ್ಧ ಜಾಗದಲ್ಲಿ ನಿಂತಳು. ಎರಡನೇ ವಾರ ಊರೊಳಗೆ, ಕ್ಲಾಕ್ ಟವರ್ ಸುತ್ತಮುತ್ತ. ಅಲ್ಲಿ ಸ್ಪೀಡ್ ಹೋಗಲು ಯಾರಿಂದಲೂ ಆಗುವುದಿಲ್ಲ, ಆದರೆ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ನಾನು ಹಿಂದೆ ಕೂತು ಒಂದೇ ಕೇಳುತ್ತಿದ್ದೆ, "ಈಗ ಹಿಂದೆ ಏನು ಬರ್ತಿದೆ ಹೇಳು." ಕನ್ನಡಿ ನೋಡದೆ ಆ ಪ್ರಶ್ನೆಗೆ ಉತ್ತರ ಹೇಳಲು ಆಗುವುದಿಲ್ಲ. ಮೊದಮೊದಲು "ಗೊತ್ತಿಲ್ಲಪ್ಪ" ಅನ್ನುತ್ತಿದ್ದಳು. ಆಮೇಲೆ ನಾನು ಕೇಳುವ ಮುಂಚೆಯೇ "ಆಟೋ, ಅದರ ಹಿಂದೆ ಹಾಲಿನ ಗಾಡಿ" ಅಂತ ಹೇಳಲು ಶುರು ಮಾಡಿದಳು.

ರಾತ್ರಿ ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಎದುರಿನಿಂದ ಹೈ ಬೀಮ್ ಬಿಟ್ಟುಕೊಂಡು ಬರುವವನ ಲೈಟು ಕಣ್ಣಿಗೆ ಹೊಡೆದಾಗ ಎರಡು ಮೂರು ಸೆಕೆಂಡು ಏನೂ ಕಾಣುವುದಿಲ್ಲ. ಆಗ ಗಾಬರಿಯಾಗದೆ ರೋಡಿನ ಎಡಗಡೆಯ ಅಂಚು ನೋಡಿಕೊಂಡು ನಿಧಾನ ಮಾಡಬೇಕು. ನನ್ನ ಮಗಳು ಮೊದಲ ಸಲ ಹೆದರಿ ಗಾಡಿಯನ್ನು ನಡುರೋಡಿನಲ್ಲಿ ನಿಲ್ಲಿಸಿಬಿಟ್ಟಳು. ಹಿಂದೆ ನಾನು ಇದ್ದೆ, ಸದ್ಯ.

ನಿಮಗೆ ಲೈಸೆನ್ಸ್ ಇಲ್ಲ ಅಂದರೆ ಮಾವನೋ ಚಿಕ್ಕಪ್ಪನೋ ಇರುತ್ತಾರಲ್ಲ, ಅವರನ್ನು ಕೂರಿಸಿ. ಅಮ್ಮಂದಿರು ಕೂತರೆ ಇನ್ನೂ ಒಳ್ಳೆಯದು, ನಾನು ನೋಡಿದ ಮಟ್ಟಿಗೆ ಹುಡುಗರು ಅಮ್ಮ ಹಿಂದೆ ಇದ್ದಾಗ ಓಡಿಸುವ ಹಾಗೆ ಇನ್ಯಾವಾಗಲೂ ಓಡಿಸುವುದಿಲ್ಲ.

ನನ್ನ ಕಸುಬಿನ ಅಣ್ಣತಮ್ಮಂದಿರಿಗೂ ಒಂದು ಮಾತು. ಕನ್ನಡಿ ಬಿಚ್ಚಿದರೆ ಸಿಗುವುದು ಮೂವತ್ತೋ ಐವತ್ತೋ. ಸೈಲೆನ್ಸರ್ ಹಾಕಿದರೆ ಜಾಸ್ತಿ ಸಿಗುತ್ತದೆ, ಗೊತ್ತು. ನಾನು ಬಿಟ್ಟು ನಾಲ್ಕು ವರ್ಷ ಆಯಿತು. ಹುಡುಗರು "ಪಕ್ಕದ ಅಂಗಡೀಲಿ ಮಾಡ್ಕೊಡ್ತಾರೆ" ಅಂತ ಎದ್ದು ಹೋಗುತ್ತಾರೆ. ನಿಜ, ಮಾಡಿಕೊಡುತ್ತಾರೆ. ಆ ಪಕ್ಕದ ಅಂಗಡಿಯವನು ಇದನ್ನು ಓದುತ್ತಾನೆ ಅಂತಲೂ ಗೊತ್ತು. ಸಂಜೆ ಟೀಗೆ ಬಾ ಮಾರಾಯ, ಮಾತಾಡೋಣ.

ಕಡೆಗೆ ಕ್ರೇಟಿನ ವಿಷಯ. ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಅಂಗಡಿ ತೆಗೆದಿರುತ್ತೇನೆ. ನಿಮ್ಮ ಮಗನ ಗಾಡಿಯಲ್ಲಿ ಕನ್ನಡಿ ಇಲ್ಲದಿದ್ದರೆ ಕರೆದುಕೊಂಡು ಬನ್ನಿ. ಅವನದೇ ಸಿಕ್ಕಿದರೂ ಸಿಗಬಹುದು, ಇಲ್ಲದಿದ್ದರೆ ಹೊಂದುವುದನ್ನು ಹುಡುಕಿ ಹಾಕುತ್ತೇನೆ. ದುಡ್ಡು ಬೇಡ. ಬ್ರೇಕ್ ಪ್ಯಾಡ್ ಬಿಚ್ಚಿ ನಿಮ್ಮಿಬ್ಬರಿಗೂ ತೋರಿಸುತ್ತೇನೆ. ಬರುವಾಗ ಅವನು ಓಡಿಸಲಿ, ನೀವು ಹಿಂದೆ ಕೂತು ಬನ್ನಿ. ಲೈಸೆನ್ಸ್ ಇಲ್ಲ ಅಂದರೆ ನೀವು ಓಡಿಸಿ, ಅವನು ಹಿಂದೆ ಕೂರಲಿ.

ಆರು ವರ್ಷದ ಹಿಂದೆ ಟಾಟಾ ಏಸ್‌ನಲ್ಲಿ ಗಾಡಿ ತಂದಿದ್ದ ಯಜಮಾನರೇ, ನೀವು ಇದನ್ನು ಓದುತ್ತಿದ್ದರೆ, ನಿಮ್ಮ ಮಗನ ಎರಡು ಕನ್ನಡಿ ಈ ಮೂವತ್ತೊಂದರಲ್ಲಿ ಇಲ್ಲ. ಅವನ್ನು ಬೇರೆ ಎತ್ತಿಟ್ಟಿದ್ದೇನೆ.

ಇಂತಿ,
ಕೋಲಾರದ ಒಬ್ಬ ಬೈಕ್ ಮೆಕ್ಯಾನಿಕ್